ದೇವದುರ್ಗದಾಕಿಯ ಮಗ

ಮುದುಕಪ್ಪ ಕಾಕಾನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಾನ್ವಿಯಲ್ಲಿ ನಮ್ಮ ಮನೆಯ ಎದುರು, ಒಂದೇ ಕೋಣೆಯಲ್ಲಿ, ಹದಿನೆಂಟು ವರ್ಷದಿಂದ ಒಬ್ಬನೇ ಇರುವ ಮಾಜಿ ಸೈನಿಕ ಆತ. ಮದುವೆ ಮಾಡಿಕೊಂಡಿಲ್ಲ, ಯಾರೊಂದಿಗೂ ಮಾತಿಲ್ಲ. ನನ್ನ ಅಮ್ಮಿ ಹಸೀನಾ ಬೇಗಂ ಮನೆಯ ಬಾಗಿಲಲ್ಲೇ ಕಾಯಿಪಲ್ಯೆ ಮಾರುತ್ತಾಳೆ. ಈ ಪುಣ್ಯಾತ್ಮ ಅವಳ ಬುಟ್ಟಿ ದಾಟಿ, ಬಿಸಿಲಲ್ಲಿ ಸಂತೆಯವರೆಗೆ ನಡೆದು ಬದನೆಕಾಯಿ ತರುತ್ತಿದ್ದ. ನಮ್ಮವರ ಕೈ ಮುಟ್ಟಿದ್ದು ಅವನಿಗೆ ಆಗುವುದಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಕಳೆದ ವರ್ಷ ಟಿವಿಯಲ್ಲಿ ಮತ್ತೆ ಯುದ್ಧದ ಮಾತು ಜೋರಾದಾಗ, ನಾನು ಕನ್ನಡ ಕಲಿಸುವ ಶಾಲೆಗೆ ಅವನನ್ನೇ ಭಾಷಣಕ್ಕೆ ಕರೆಸಿದರು. ಮುಖ ಗಂಟಿಕ್ಕಿಕೊಂಡು ಕುರ್ಚಿ ಹಾಕಿದೆ.

"ಎಪ್ಪತ್ತೊಂದರ ಯುದ್ಧದಾಗ ರಾಜಸ್ಥಾನದ ಗಡಿಯೊಳಗ ಇದ್ದೆ. ಆ ಕಡಿ ಸಿಪಾಯಿ ಒಬ್ಬಂಗ ಗುಂಡು ಹೊಡದೆ," ಎಂದ. ಮಕ್ಕಳು ಚಪ್ಪಾಳೆ ತಟ್ಟಿದರು.

"ತಟ್ಟಬ್ಯಾಡ್ರಿ. ಹತ್ರ ಹೋದ್ರ ಅವ 'ನಕ್ಕೋ, ನಕ್ಕೋ' ಅನ್ನಾಕತ್ತಿದ್ದ. ಬ್ಯಾಡ ಅನ್ನಾಕ ನಕ್ಕೋ ಅನ್ನೋರು ನಮ್ಮ ಕಡಿ ಮಂದಿ. ರಾಯಚೂರು ಬಜಾರದಾಗ ದಿನಾ ಕೇಳೋ ಮಾತು ಅದು. ಯಾವೂರಪ್ಪಾ ನಿಂದು ಅಂತ ಕೇಳಿದೆ. ಇರೂದು ಕರಾಚಿ, ಅಮ್ಮಿ ದೇವದುರ್ಗದಾಕಿ ಅಂದ. ನೀರು ಕುಡಿಸೂದ್ರೊಳಗ ಹೋಗಿಬಿಟ್ಟ."

ಹೊರಗೆ ಬಂದಾಗ ಕಾಕಾ ನನ್ನನ್ನು ಕರೆದು ನಿಲ್ಲಿಸಿದ.

"ಯವ್ವಾ, ನಿಮ್ಮವ್ವನ ತವರು ದೇವದುರ್ಗ ಅಲ್ಲ? ಅದಕ್ಕ ಅಕಿ ಮುಖ ನೋಡಾಕ ಹೆದರ್ತೀನಿ. ಕೇಳಿದ್ರ, ಆ ಹುಡುಗ ಯಾರ ಮನಿಯಾಂವ ಅಂತ ಹೇಳಿಬಿಟ್ಟಾಳು. ಕೇಳದ ಸಾಯಾಕೂ ಆಗವಲ್ದು. ನೀನರ ಕೇಳು."

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಇಷ್ಟು ವರ್ಷ ಈ ಮನುಷ್ಯನನ್ನು ಏನೆಂದು ತಿಳಿದುಕೊಂಡಿದ್ದೆ.

ಸಂಜೆ ಅಮ್ಮಿಗೆ ಎಲ್ಲ ಹೇಳಿದೆ. ಅವಳು ತೂಗುತ್ತಿದ್ದ ಟೊಮೆಟೊ ಕೆಳಗಿಟ್ಟಳು.

"ಕರಾಚಿಗೆ ಹೋದಾಕಿ ನಮ್ಮ ಹೀರಾಬಿ ಖಾಲಾ. ನಮ್ಮವ್ವನ ಸ್ವಂತ ತಂಗಿ. ಅಕಿಗೆ ಒಬ್ಬನೇ ಮಗ. ಆ ಯುದ್ಧದಾಗ ತೀರಿಕೊಂಡ ಅಂತ ಕಾಗದ ಬಂದಿತ್ತು."

ಆಮೇಲೆ ತಲೆ ಮೇಲೆ ಸೆರಗು ಹೊದ್ದು ರಸ್ತೆ ದಾಟಿದಳು. ನಾನು ಹಿಂದೆಯೇ ಹೋದೆ. ಕಾಕಾ ಹೊಸ್ತಿಲ ಮೇಲೆ ಕುಳಿತಿದ್ದ.

"ಅಣ್ಣಾ, ನಮ್ಮೂರಿಂದ ಆ ಕಡಿ ಯಾರೂ ಹೋಗಿಲ್ರಿ," ಎಂದಳು ಅಮ್ಮಿ. "ಆ ಗದ್ದಲದಾಗ ನಿಮಗ ತಪ್ಪು ಕೇಳಿಸಿರಬೇಕು."

ಅವನು ಅವಳ ಮುಖವನ್ನೇ ನೋಡಿದ. "ಹೌದೇನು ತಂಗಿ? ಖರೇನ ಹೇಳ್ತೀಯೇನು?"

"ಖರೇನ ಅಣ್ಣಾ."

ಮುದುಕ ಮೊಣಕಾಲಿಗೆ ಮುಖ ಹಚ್ಚಿ ಅತ್ತ. ಅವನ ಅಳು ನಿಲ್ಲುವವರೆಗೆ ಅಮ್ಮಿ ಅಲ್ಲೇ ನಿಂತಿದ್ದಳು.

ಮನೆಗೆ ಬಂದು ಚಾಪೆ ಹಾಸಿ ನಮಾಜಿಗೆ ಕುಳಿತಳು. ಹೀರಾಬಿ ಖಾಲಾಳ ಹೆಸರು ಹಿಡಿದು, ಅವಳ ಮಗನಿಗಾಗಿ ದುವಾ ಮಾಡಿದಳು. ಎದ್ದು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಕಹಕಶಾನ್, ಎರಡು ರೊಟ್ಟಿ ತಗೊಂಡು ಹೋಗಿ ಕೊಟ್ಟು ಬಾ. ಆ ಅಣ್ಣ ಮುಂಜಾನಿಂದ ಏನೂ ತಿಂದಂಗಿಲ್ಲ."