ತಾಲೀಮಿನ ಆಟ ನೋಡುವ ಚೌಡವ್ವ

ಗಜೇಂದ್ರಗಡದಲ್ಲಿ ಚೌಡವ್ವನ ಓಣಿಯವರು ಅಮವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ. ಉಳಿದ ದಿನ ಬೆಳಿಗ್ಗೆ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಳೆಂದರೆ ಅವಳು ಏಳುವುದು ಊಟಕ್ಕೆ. ಮಣ್ಣೆತ್ತಿನ ಅಮವಾಸ್ಯೆ ಬಂತೆಂದರೆ ಮಾತ್ರ ಕೋಳಿ ಕೂಗುವ ಮೊದಲೇ ಎದ್ದು, ಹೋಳಿಗೆ ಮಾಡಿ, ಎತ್ತುಗಳ ಪೂಜೆ ಮುಗಿಸಿ, ಒಂಬತ್ತರ ಬಸ್ಸಿಗೆ ನರೇಗಲ್ಲಿಗೆ ಹೊರಟುಬಿಡುತ್ತಾಳೆ. ಗಂಡ ಲಕ್ಷ್ಮಪ್ಪ ಹೋಳಿಗೆ ಮುರಿಯುತ್ತ, ನೀ ಬರೂತನಕ ಆಟ ಸುರು ಮಾಡಾಂಗಿಲ್ಲಂತ, ಲಗೂ ಹೋಗು ಎಂದು ಕಾಡಿಸುತ್ತಾನೆ. ಅವಳು ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟುತ್ತಾಳೆ. ಆಟ ನೋಡಲು ವರ್ಷಕ್ಕೆ ಸಿಗುವ ಒಂದು ದಿನವನ್ನು ಜಗಳದಲ್ಲಿ ಕಳೆಯುವಷ್ಟು ದಡ್ಡಿ ಅವಳಲ್ಲ.

ಆಟವೆಂದರೆ ಖೋಖೋ. ಯಲ್ಲಾಪುರದ ಕಡೆ ಮಳೆ ಹಿಡಿದು ಮೈದಾನವೆಲ್ಲ ಕೆಸರಾದಾಗ ಅಲ್ಲಿಯ ಹುಡುಗಿಯರ ತಂಡವೊಂದು ಬಿಸಿಲು ಹುಡುಕಿಕೊಂಡು ನರೇಗಲ್ಲಿಗೆ ಬರುತ್ತದೆ. ತರಬೇತಿ ಕೊಡುವ ಮಾಸ್ತರನ ಹೆಂಡತಿಯ ತವರು ಅದೇ ಊರು, ಹಾಗಾಗಿ ಊಟಕ್ಕೆ ಚಿಂತೆಯಿಲ್ಲ. ಹದಿನೈದು ದಿನ ಒಣ ನೆಲದ ಮೇಲೆ ಊರ ಹುಡುಗಿಯರ ಜೊತೆ ತಾಲೀಮಿನ ಪಂದ್ಯ ಆಡಿ, ದಸರಾ ಕ್ರೀಡಾಕೂಟಕ್ಕೆ ಮೈ ಹದ ಮಾಡಿಕೊಂಡು ಹೋಗುತ್ತಾರೆ. ಇಂಥ ಪಂದ್ಯವನ್ನು ನೋಡಲು ಊರಿನವರು ಯಾರೂ ಬರುವುದಿಲ್ಲ. ಗೆದ್ದವರಿಗೆ ಕಪ್ಪಿಲ್ಲ, ಸೋತವರಿಗೆ ಅವಮಾನವಿಲ್ಲ.

ಚೌಡವ್ವನಿಗೆ ಬೇಕಾದದ್ದು ಅದೇ. ಜಕ್ಕಲಿಯ ಹುಡುಗಿ ಅವಳು, ಹೈಸ್ಕೂಲಿಗೆಂದು ದಿನಾ ನರೇಗಲ್ಲಿಗೆ ಬರುತ್ತಿದ್ದಳು. ಒಂಬತ್ತನೆಯ ಇಯತ್ತೆಯಲ್ಲಿ ತಾಲೂಕಿನ ತಂಡಕ್ಕೆ ಆಯ್ಕೆಯಾದಳು. ಇದೇ ಮೈದಾನದಲ್ಲಿ ತಿಂಗಳುಗಟ್ಟಲೆ ತಾಲೀಮು ಮಾಡಿದಳು. ನಿಜವಾದ ಪಂದ್ಯಕ್ಕೆ ಹತ್ತು ದಿನವಿರುವಾಗ ಗಜೇಂದ್ರಗಡದಿಂದ ಬೀಗರು ಬಂದರು, ಎಂಟು ದಿನದಲ್ಲಿ ಮದುವೆಯ ಅಕ್ಕಿಕಾಳು ಬಿತ್ತು. ಒಳ್ಳೆಯ ಮನೆ, ಕೆಟ್ಟ ಗಂಡನೂ ಅಲ್ಲ. ಆದರೂ ಆ ಪಂದ್ಯ ಆಡಲಿಲ್ಲವಲ್ಲ ಎಂಬುದು ಇಪ್ಪತ್ತೆಂಟು ವರ್ಷವಾದರೂ ಎದೆಯೊಳಗೆ ಹಸಿಯಾಗಿಯೇ ಇದೆ. ಅದನ್ನು ಯಾರಿಗೆ ಹೇಳುವುದು? ಮೂರು ಮಕ್ಕಳ ತಾಯಿ ಖೋಖೋ ನೆನೆಸಿಕೊಂಡು ಅಳುತ್ತಾಳೆಂದರೆ ಓಣಿಯೆಲ್ಲ ನಕ್ಕೀತು.

ಆಟ ನೋಡಲು ಬಂದ ಮೊದಲ ವರ್ಷ ಮೈದಾನದ ಅಂಚಿನಲ್ಲಿ ಒಬ್ಬಳೇ ನಿಂತಿದ್ದಾಗ ಚಹಾದಂಗಡಿಯ ದಾದಾಪೀರ, ಯಾರನ್ನ ನೋಡಾಕ ಬಂದೀರಿ ಎಂದು ಕೇಳಿದ್ದ. ಸುಮ್ಮನೆ ಆಟ ನೋಡಲು ಬಂದೆ ಎನ್ನಲು ನಾಲಿಗೆ ಏಳಲಿಲ್ಲ. ಎದುರಿಗೆ ಓಡುತ್ತಿದ್ದ, ಗೆಳತಿಯರು ವಿದ್ಯಾಶ್ರೀ ಎಂದು ಕೂಗುತ್ತಿದ್ದ ಉದ್ದ ಜಡೆಯ ಹುಡುಗಿಯನ್ನು ತೋರಿಸಿ, ಯಲ್ಲಾಪುರಕ್ಕೆ ಕೊಟ್ಟ ನಮ್ಮಕ್ಕನ ಮಗಳು ಎಂದುಬಿಟ್ಟಳು. ಅವಳಿಗೆ ಅಕ್ಕನೇ ಇಲ್ಲ. ದಾದಾಪೀರ ಪಾಪ, ನಂಬಿ ಕುರ್ಚಿ ತಂದು ಹಾಕಿದ. ಆ ಒಂದು ಸುಳ್ಳಿನ ಮೇಲೆ ಚೌಡವ್ವ ಮೂರು ವರ್ಷ ಕೂತು ಆಟ ನೋಡಿದಳು. ಸುಳ್ಳು ಬಯಲಾದರೆ ಮತ್ತೆ ಈ ಕಡೆ ಮುಖ ಹಾಕುವಂತಿಲ್ಲ ಎಂಬ ಅಂಜಿಕೆ ಪ್ರತಿ ಸಲವೂ ಜೊತೆಗೇ ಬಸ್ಸು ಹತ್ತುತ್ತಿತ್ತು.

ನಾಲ್ಕನೆಯ ವರ್ಷ, ಆಟ ರಂಗೇರಿದ ಹೊತ್ತಿಗೆ, ದಾದಾಪೀರ ಇನ್ನೊಂದು ಕುರ್ಚಿ ಹಿಡಿದು ನಗುತ್ತ ಬಂದ. ಹಿಂದೆ ಕೈಚೀಲ ಹಿಡಿದ ಒಬ್ಬ ಹೆಣ್ಣುಮಗಳು.

"ಚೌಡವ್ವಾರ, ನಿಮ್ಮ ಅಕ್ಕಾರು ಬಂದಾರ ನೋಡ್ರಿ. ವಿದ್ಯಾಶ್ರೀ ತಾಯಿ."

ಬಂದವಳ ಹೆಸರು ಸುಧಾರಾಣಿ. ಮಗಳ ಆಟ ನೋಡಲು ಮೊದಲ ಸಲ ಯಲ್ಲಾಪುರದಿಂದ ಬಂದಿದ್ದಳು. ತನಗೆ ಎಲ್ಲಿಯ ತಂಗಿ ಎಂದು ಅವಳು ಚೌಡವ್ವನ ಮುಖವನ್ನೇ ನೋಡಿದಳು. ಚೌಡವ್ವ ಬೇರೆ ಹುಡುಗಿಯನ್ನು ತೋರಿಸಬಹುದಿತ್ತು, ಹೆಸರು ತಪ್ಪಿತು ಎನ್ನಬಹುದಿತ್ತು. ಆದರೆ ಸುಳ್ಳು ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು. ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ನಾ ನಿಮಗ ಏನೂ ಆಗಬೇಕಿಲ್ರಿ. ಇಲ್ಲಿ ಆಡೋ ಹುಡುಗ್ಯಾರೊಳಗ ನನ್ನವ್ರು ಯಾರೂ ಇಲ್ಲ. ಆಟ ಅಷ್ಟ ನಂದು."

ದಾದಾಪೀರನ ನಗು ಅಲ್ಲಿಗೇ ನಿಂತಿತು. ಕುರ್ಚಿಯನ್ನು ನೆಲಕ್ಕಿಟ್ಟು ಅಂಗಡಿಗೆ ಹೋದ. ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಸ್ಟ್ಯಾಂಡಿನಲ್ಲೇ ಕೂತರಾಯಿತೆಂದು ಚೌಡವ್ವ ಚಪ್ಪಲಿ ಮೆಟ್ಟಿದಳು. ಕಡೆಯ ಸಲವೆಂದು ಮೈದಾನದ ಕಡೆ ನೋಡಿದಳು. ಅಲ್ಲಿ ವಿದ್ಯಾಶ್ರೀ ಖೋ ಸಿಕ್ಕಿ ಎದ್ದು ಓಡುವಷ್ಟರಲ್ಲಿ ಎದುರಿನ ಹುಡುಗಿ ಕಂಬ ಸುತ್ತಿ ತಪ್ಪಿಸಿಕೊಂಡಿದ್ದಳು.

ಸುಧಾರಾಣಿ ಚೌಡವ್ವನ ಮೊಣಕೈ ಹಿಡಿದು ನಿಲ್ಲಿಸಿದಳು. ಅಂಗಡಿಯವರು ಅಂದರು, ಮೂರು ವರ್ಷದಿಂದ ನೋಡುತ್ತಿದ್ದೀರಾ ಎಂದು ಕೇಳಿದಳು. ಹೌದೆಂದು ಚೌಡವ್ವ ತಲೆಯಾಡಿಸಿದಳು.

"ನನಗೆ ಈ ಆಟದ ಗಂಧಗಾಳಿ ಇಲ್ಲ. ನನ್ನ ಮಗಳು ಯಾಕೆ ಹಿಂದೆ ಬೀಳುತ್ತಾಳೆ, ನೀವೇ ಹೇಳಿ."

ಮದುವೆಯಾದ ಮೇಲೆ ಆಟದ ವಿಷಯ ಚೌಡವ್ವನನ್ನು ಯಾರೂ ಏನೂ ಕೇಳಿರಲಿಲ್ಲ. ಉಪ್ಪು ಎಷ್ಟು ಹಾಕಲಿ ಎಂದು ಕೇಳಿದ್ದರು, ಸೀರೆ ಎಂದಿಗೆ ಮುಗಿಯುತ್ತದೆ ಎಂದು ಕೇಳಿದ್ದರು. ಹೇಳಲು ಬಾಯಿ ತೆರೆದರೆ ಮಾತಿನ ಬದಲು ಅಳು ಬಂತು. ಅಳುತ್ತಲೇ ಕುರ್ಚಿಯ ಮೇಲೆ ಕೂತು, ಕಣ್ಣು ಮಾತ್ರ ಆಟದಿಂದ ಕೀಳದೆ ಹೇಳಿದಳು:

"ಹಿಮ್ಮಡಿ ಊರಿ ಕೂಡ್ತಾಳ್ರಿ ಆಕಿ, ಏಳೂದು ತಡಾ ಆಗ್ತೈತಿ. ಬೆರಳಿನ ಮ್ಯಾಲ ಕೂಡಾಕ ಹೇಳ್ರಿ. ನಾ ಹಂಗ ಕೂಡ್ತಿದ್ದೆ."