ಆರನೆಯ ಕುರ್ಚಿ

ಅಡ್ಡಗೋಡೆಯ ಮೇಲೆ ದೀಪ ಇಡುವುದು ನಮ್ಮಕ್ಕನಿಗೆ ಹುಟ್ಟಿದಾಗಿನಿಂದ ಬಂದಿಲ್ಲ. ನಾನು ಮೂರು ತಿಂಗಳು ಕೂತು ಹೆಣೆದ ಸ್ವೆಟರನ್ನು ನೋಡಿ, ‘ನೆಲ ಒರೆಸೋಕೆ ಚೆನ್ನಾಗಿದೆ ಕಣೇ’ ಎಂದವಳು ಅವಳು.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಪುಟ್ಟ ಬಿಯರ್ ಕಾರ್ಖಾನೆ ಇದೆ. ಅಲ್ಲಿ ಟ್ಯಾಂಕು, ಪೈಪು, ಗ್ಲಾಸು ತೊಳೆಯುವುದು ಹನ್ನೊಂದು ವರ್ಷದಿಂದ ಅಕ್ಕನ ಕೆಲಸ. ಯಜಮಾನರಿಗೆ ತಿಂಗಳಿಗೊಂದು ಹುಚ್ಚು. ಬೀಟ್‌ರೂಟ್ ಹಾಕಿದರು, ಸುಟ್ಟ ಬ್ರೆಡ್ಡಿನ ಅಂಚು ಹಾಕಿದರು, ಒಮ್ಮೆ ಸೌತೆಕಾಯಿಯನ್ನೂ ಹಾಕಿದರು. ಅದನ್ನು ಕುಡಿದ ನಮ್ಮ ಭಾವ, ‘ಕುಡಿತ ಬಿಡಿಸೋಕೆ ಒಳ್ಳೇ ಔಷಧಿ’ ಎಂದರು.

ಶುಕ್ರವಾರ ಮಧ್ಯಾಹ್ನ ರುಚಿ ನೋಡುವ ಹೊತ್ತು. ಉದ್ದನೆಯ ಮೇಜು, ಐದು ಕುರ್ಚಿ, ಯಜಮಾನರು ಕರೆಸುವ ಐದು ಜನ. ಒಬ್ಬರು ಬಾಯಿ ಬಿಟ್ಟರೆ ಉಳಿದವರ ನಾಲಿಗೆಯೂ ಅದನ್ನೇ ಹೇಳುತ್ತದೆಂದು, ಚೀಟಿ ಬರೆದು ಮಗುಚಿ ಇಡುವವರೆಗೆ ಯಾರೂ ಮಾತಾಡುವಂತಿಲ್ಲ. ಅಕ್ಕ ಜಗ್ ತುಂಬಿಸುವಾಗಲೇ ತನ್ನ ಸ್ಟೀಲ್ ಲೋಟಕ್ಕೆ ಒಂದು ಗುಟುಕು ಬಗ್ಗಿಸಿಕೊಂಡು, ಹಾಳಾದ ಲೇಬಲ್ಲಿನ ಹಿಂದೆ ತನ್ನ ಚೀಟಿಯನ್ನೂ ಬರೆಯುತ್ತಿದ್ದಳು. ಅದನ್ನು ಓದುವವರಿರಲಿಲ್ಲ. ಆ ಮೇಜಿನ ಮೇಲೆ ತನ್ನ ಚೀಟಿಯೂ ಒಂದು ದಿನ ಬೀಳಬೇಕು ಎಂಬುದೊಂದೇ ಅವಳ ಆಸೆ. ಒಮ್ಮೆ ಧೈರ್ಯ ಮಾಡಿ ಕೇಳಿದ್ದಳು.

‘ನೀವೂ ಕೂತ್ಕೊಂಡ್ರೆ ಗ್ಲಾಸ್ ತೊಳೆಯೋರು ಯಾರಮ್ಮ?’ ಎಂದು ಯಜಮಾನರು ನಕ್ಕರಂತೆ. ಆ ಸಂಜೆ ಅವಳು ಅತ್ತಳು. ನನಗೆ ಮೈಯೆಲ್ಲ ಉರಿಯಿತು.

ಮುಂದಿನ ಹುಚ್ಚು ನಿಂಬೆ ಎಲೆಯದು. ಆ ಶುಕ್ರವಾರ ಐದು ಚೀಟಿ ತಿರುಗಿಸಿದರೆ ಐದರಲ್ಲೂ ಒಂದೇ ಮಾತು: ನಿಂಬೆಯ ಘಮ ಅದ್ಭುತ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಯಜಮಾನರು ಆಗಲೇ ಸ್ಪರ್ಧೆಗೆ ಕಳಿಸುವ ಮಾತೆತ್ತಿದರು.

ಅಕ್ಕನ ಸ್ಟೀಲ್ ಲೋಟದಲ್ಲಿ ಮಾತ್ರ ಬರೀ ಕಹಿ ಇತ್ತು, ನಿಂಬೆಯ ಸುಳಿವೇ ಇರಲಿಲ್ಲ. ಅವಳಿಗೆ ತಟ್ಟನೆ ಹೊಳೆಯಿತು. ಬೆಳಿಗ್ಗೆ ನಿಂಬೆ ವಾಸನೆಯ ಹೊಸ ಸೋಪು ಬಂದಿತ್ತು. ಅವಸರದಲ್ಲಿ ಅವಳು ಗ್ಲಾಸುಗಳನ್ನು ಎರಡು ನೀರಿನ ಬದಲು ಒಂದೇ ನೀರಿನಲ್ಲಿ ತೊಳೆದಿದ್ದಳು. ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ಸುಳ್ಳು ಬಿಯರು ಸ್ಪರ್ಧೆಗೆ ಹೋಗುತ್ತದೆ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಕ್ಕ ಉಗುಳಿಯೇಬಿಟ್ಟಳು.

‘ಸಾರ್, ಅದು ಎಲೆ ವಾಸನೆ ಅಲ್ಲ, ನನ್ನ ಸೋಪಿನ ವಾಸನೆ. ಗ್ಲಾಸ್ ಸರಿಯಾಗಿ ತೊಳೆದಿಲ್ಲ, ತಪ್ಪು ನಂದೇ.’

ಐವರಲ್ಲಿ ಹಿರಿಯರಾದ ಮೀಸೆಯವರು ಕೆಂಪಾದರು. ‘ಮೂವತ್ತು ವರ್ಷದಿಂದ ಬಿಯರ್ ಕುಡೀತಿದೀನಮ್ಮ.’

‘ನೀವು ಕುಡಿದಿದ್ದೀರಿ ಸಾರ್, ನಾನು ತೊಳೆದಿದೀನಿ.’

ಯಜಮಾನರು ಅದೇ ಟ್ರೇಯಲ್ಲಿ ಉಳಿದಿದ್ದ ಒಂದು ಗ್ಲಾಸಿಗೆ ಬರೀ ನೀರು ಹಾಕಿ ಕುಡಿದರು. ನೀರೂ ನಿಂಬೆ. ಆಮೇಲೆ ಅಕ್ಕನ ಸ್ಟೀಲ್ ಲೋಟದಲ್ಲಿ ಬಿಯರು ಕುಡಿದರು. ಬರೀ ಕಹಿ. ಮೀಸೆಯವರು ಕಿಟಕಿಯ ಕಡೆ ನೋಡತೊಡಗಿದರು.

‘ಹಾಗಾದ್ರೆ ನಾನು ಹಾಕಿದ ಎಲೆ ಎಲ್ಲೋಯ್ತು?’ ಯಜಮಾನರು ಕೇಳಿದರು.

‘ಕುದಿಯೋವಾಗ ಹಾಕಿದ್ರಿ. ಘಮ ಹಬೆ ಜೊತೆ ಹೋಯ್ತು. ತಣ್ಣಗಿರೋ ಬಿಯರಿಗೆ ಹಾಕಿ ನೋಡಿ.’

ಉಳಿದ ಬಿಯರಿಗೆ ಅಂದೇ ಎಲೆ ಹಾಕಿಟ್ಟರು. ಮುಂದಿನ ಶುಕ್ರವಾರ ಅಕ್ಕ ಗ್ಲಾಸುಗಳನ್ನು ಮೂರು ನೀರಿನಲ್ಲಿ ತೊಳೆದು ತಂದಾಗ, ಮೇಜಿನ ಬಳಿ ಯಜಮಾನರ ಆಫೀಸಿನ ಕುರ್ಚಿಯೂ ಇತ್ತು. ‘ಕೂತ್ಕೊಳಿ’ ಎಂದರು. ಅಂದು ಆರು ಚೀಟಿ ಮಗುಚಿ ಬಿದ್ದವು. ಯಜಮಾನರು ಮೊದಲು ತಿರುಗಿಸಿದ್ದು ಅಕ್ಕನದು: ‘ಈಗ ಎಲೆ ಬಂದಿದೆ.’ ಮನೆಗೆ ಬಂದು ಇದನ್ನು ಹೇಳುವಾಗ ಅವಳು ನಕ್ಕಳು, ನಾನು ಅತ್ತೆ.

ಇನ್ನು ಗ್ಲಾಸು ತೊಳೆಯುವವರು ಯಾರು? ಕುಡಿದವರೇ. ಹಾಗೆಂದು ಅದೇ ದಿನ ಹೊಸ ನಿಯಮವಾಯಿತು. ಮೀಸೆಯವರು ಅಂಗಿಯ ತೋಳು ಮಡಚಿ, ತಮ್ಮ ಗ್ಲಾಸನ್ನು ಎರಡು ನೀರಿನಲ್ಲಿ ತೊಳೆದು ಅಕ್ಕನ ಮುಂದೆ ಹಿಡಿದರು. ಅಕ್ಕ ಮೂಸಿ ನೋಡಿ ವಾಪಸು ಕೊಟ್ಟಳು.

‘ಇನ್ನೊಂದ್ಸಲ ತೊಳೀರಿ ಸಾರ್.’