ಇಪ್ಪತ್ತೇಳು ಮಕ್ಕಳು, ಒಂದೇ ಫೋನ್ ನಂಬರು

ಜುಲೈ 14, ಭಾನುವಾರ. ಬೆಳಿಗ್ಗೆ 11 ಗಂಟೆ 20 ನಿಮಿಷ.

"ಅಕ್ಕ, ಹಾಲ್ ಟಿಕೆಟ್‌ನಲ್ಲಿ ಒಂದು ಸಬ್ಜೆಕ್ಟೇ ಇಲ್ಲ."

ಶಿಡ್ಲಘಟ್ಟದ ಹತ್ತಿರದ ಹಳ್ಳಿಯೊಂದರ ಗ್ರಂಥಾಲಯದಲ್ಲಿ ನಾನು ಪ್ರತಿ ಭಾನುವಾರ ಕೂರುತ್ತೇನೆ. ಪಿಯುಸಿ ಮುಗಿಸಿದ ಮಕ್ಕಳಿಗೆ ಕಾಲೇಜಿನ ಅರ್ಜಿ, ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಡುವುದು ನನ್ನ ಕೆಲಸ. (ಸಂಬಳದ ಕೆಲಸ ಚಿಕ್ಕಬಳ್ಳಾಪುರದಲ್ಲಿದೆ. ಇದು ಖುಷಿಗೆ.) ಎದುರಿಗೆ ನಿಂತಿದ್ದವಳು ಸುಕನ್ಯ. ಮೂರು ವರ್ಷದ ಹಿಂದೆ ನಾನೇ ಬಿ.ಎ.ಗೆ ಸೇರಿಸಿದ ಹುಡುಗಿ. ಈಗ ಕೊನೆಯ ಸೆಮಿಸ್ಟರ್. ಅವರ ಮನೆಯಲ್ಲಿ ಕಾಲೇಜು ಕಂಡವಳು ಅವಳೊಬ್ಬಳೇ.

ಅವಳಿಗೆ ನಾಲ್ಕನೇ ಸೆಮಿಸ್ಟರಿನ ಇಂಗ್ಲಿಷ್ ಬಾಕಿ ಇತ್ತು. ಕೊನೆಯ ಸೆಮಿಸ್ಟರಿನ ಅರ್ಜಿಯನ್ನು ಕಾಲೇಜಿನಲ್ಲೇ ಎಲ್ಲರಿಂದ ತುಂಬಿಸಿದ್ದರು. ಬಾಕಿ ವಿಷಯಕ್ಕೆ ಮಾತ್ರ ಬೇರೆ ಅರ್ಜಿ. ಅದಕ್ಕೆ ಮೊಬೈಲಿಗೆ ಮೆಸೇಜ್ ಬರುತ್ತದೆ.

"ಮೆಸೇಜ್ ಬರ್ಲಿಲ್ವಾ?" ಅಂದೆ.

"ನಿಮಗಲ್ವಾ ಅಕ್ಕ ಬರೋದು?"

ಹೌದಲ್ಲ!

ಫೋನ್ ತೆಗೆದೆ. ಓದದೇ ಬಿಟ್ಟ ಮೆಸೇಜುಗಳು 211. ಬ್ಯಾಂಕು, ಕೊರಿಯರ್, ಸೀರೆ ಅಂಗಡಿಯ ಆಫರ್‌ಗಳ ನಡುವೆ ಅದು ಸಿಕ್ಕಿತು. ಬಂದದ್ದು ಜೂನ್ 21ಕ್ಕೆ. ಅರ್ಜಿಗೆ ಕೊನೆಯ ದಿನ ಜುಲೈ 5. ಒಂಬತ್ತು ದಿನ ಕಳೆದುಹೋಗಿತ್ತು.

ನನ್ನ ನಂಬರು ಅವಳ ಅರ್ಜಿಗೆ ಹೇಗೆ ಬಂತು? ಆಗ ಅವರ ಮನೆಯಲ್ಲಿದ್ದದ್ದು ಒಂದೇ ಫೋನು. ಅವಳ ಅಪ್ಪ ಅದನ್ನು ಜೇಬಿಗಿಟ್ಟುಕೊಂಡು ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದರೆ ಬರುವುದು ಮಧ್ಯಾಹ್ನ. ಓಟಿಪಿ ಅಲ್ಲಿಯ ತನಕ ಕಾಯುತ್ತದೆಯೇ? ನನ್ನ ನಂಬರು ಹಾಕಿದೆ. ಎರಡು ನಿಮಿಷದಲ್ಲಿ ಅರ್ಜಿ ಮುಗಿಯಿತು. ಆಮೇಲೆ ಅದೇ ಅಭ್ಯಾಸವಾಯಿತು. ನಾನು ಸೇರಿಸಿದ ಮಕ್ಕಳು ಒಟ್ಟು 34, ಅದರಲ್ಲಿ 27 ಅರ್ಜಿಗಳಲ್ಲಿ ನನ್ನದೇ ನಂಬರು.

ಸುಕನ್ಯಳಿಗೆ ಸ್ವಂತ ಫೋನ್ ಬಂದು ಒಂದೂವರೆ ವರ್ಷವಾಗಿದೆ. ನಂಬರು ಬದಲಿಸಬಹುದಿತ್ತು. ಬದಲಿಸಲಿಲ್ಲ. ಪುರುಸೊತ್ತಿರಲಿಲ್ಲ ಎಂದು ಇಲ್ಲಿ ಬರೆಯಬಹುದು, ಆದರೆ ನಿಜ ಅದಲ್ಲ. ಪ್ರತಿ ಸಲ "ಅಕ್ಕ, ಓಟಿಪಿ" ಅಂತ ಒಂದು ಮಗು ಫೋನ್ ಮಾಡಿದಾಗ ನನಗೆ ಹಿತವಾಗುತ್ತಿತ್ತು. ನಾನಿಲ್ಲದೆ ಇವರ ಕೆಲಸ ನಡೆಯುವುದಿಲ್ಲ ಅನ್ನಿಸುತ್ತಿತ್ತು.

ಹಾಗೇ ಆಗಿಹೋಯಿತು.

ಸೋಮವಾರ ರಜೆ ಹಾಕಿ ಅವಳ ಕಾಲೇಜಿನ ಆಫೀಸಿಗೆ ಹೋದೆ.

"ಪೋರ್ಟಲ್ ಕ್ಲೋಸ್ ಆಗಿದೆ ಮೇಡಂ. ತೆಗೆಯೋದು ನಮ್ಮ ಕೈಲಿಲ್ಲ," ಎಂದರು ಗುಮಾಸ್ತರು. "ಮೆಸೇಜ್ ಹೋಗಿದೆಯಲ್ಲ?"

"ಹೋಗಿದೆ ಸಾರ್."

"ಮತ್ತೆ ಆ ಹುಡುಗಿ ಯಾಕೆ ನೋಡ್ಲಿಲ್ಲ?"

"ಬಂದಿದ್ದು ನನಗೆ."

ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ವಿಷಯದ ಪರೀಕ್ಷೆ ಮತ್ತೆ ಬರುವುದು ಮುಂದಿನ ವರ್ಷ. ಅದು ಪಾಸಾಗದೆ ಡಿಗ್ರಿ ಇಲ್ಲ. ಡಿಗ್ರಿ ಇಲ್ಲದೆ ಬಿ.ಎಡ್. ಇಲ್ಲ. ಸುಕನ್ಯಳ ಆಸೆಯೆಲ್ಲ ಇದ್ದದ್ದು ಈ ವರ್ಷದ ಬಿ.ಎಡ್. ಮೇಲೆ.

ಸಂಜೆ ಅವರ ಮನೆಗೆ ಹೋದೆ. ಅವಳಮ್ಮ ನಾರಾಯಣಮ್ಮ ಹುಳುವಿಗೆ ಸೊಪ್ಪು ಹಾಕುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ.

"ಇದೇಮಮ್ಮಾ ಇದು! ಮಗು ನಮ್ದು, ನಂಬರ್ ನಿಮ್ದಾ?"

ಕೈಲಿದ್ದ ಸೊಪ್ಪನ್ನು ಕೆಳಗಿಟ್ಟರು.

"ಬಿ.ಎಡ್.ಗೆ ಹಾಕ್ತೀವಿ ಅಂತ ಅವರಪ್ಪನ್ನ ಒಪ್ಪಿಸೋಕೆ ಆರು ತಿಂಗಳು ಬಿತ್ತು. ಈಗ ಇನ್ನೊಂದು ವರ್ಷ ಅಂದ್ರೆ ಆ ಮನುಷ್ಯ ಕೇಳ್ತಾನಾ? ನೀವೇ ಹೇಳಮ್ಮ."

"ಸುಮ್ನಿರಮ್ಮ, ಅಕ್ಕ ಬೇಕಂತ ಮಾಡಿದ್ರಾ?" ಎಂದಳು ಸುಕನ್ಯ. ನನ್ನ ಪರ ಮಾತಾಡುವ ಕೆಲಸವೂ ಅವಳ ಪಾಲಿಗೇ ಬಿತ್ತು.

ಆ ವಾರ ಉಳಿದವರಿಗೆಲ್ಲ ಫೋನ್ ಮಾಡುತ್ತಾ ಕೂತೆ. ಚಿಂತಾಮಣಿ, ಗೌರಿಬಿದನೂರು, ತೊಂಡೇಬಾವಿ. 27ರಲ್ಲಿ 14 ಮಂದಿಯ ನಂಬರು ಬದಲಾಯಿತು, ಸುಕನ್ಯಳದೂ ಸೇರಿ. ಆರು ಮಂದಿ ಸಿಗಲಿಲ್ಲ. ಏಳು ಮಂದಿ ಕಾಲೇಜು ಬಿಟ್ಟಿದ್ದಾರೆ.

ಏಳು! ಒಬ್ಬಳು ಬಿಟ್ಟು ಎರಡು ವರ್ಷ ಆಗಿದೆಯಂತೆ. "ಅಟೆಂಡೆನ್ಸ್ ಕಡಿಮೆ ಇದೆ" ಎಂಬ ಮೂರು ಮೆಸೇಜು ಅವಳ ಮನೆಗೆ ಹೋಗಬೇಕಿತ್ತು. ಬಂದದ್ದು ನನಗೆ. ಒಂದನ್ನೂ ತೆರೆದಿರಲಿಲ್ಲ. ಮೆಸೇಜ್ ಬರುತ್ತಿದೆ ಎಂದರೆ ಓದುತ್ತಿದ್ದಾಳೆ ಎಂದುಕೊಂಡಿದ್ದೆ.

ನನ್ನ ಡೈರಿಯಲ್ಲಿ "ಸೇರಿದವರು" ಎಂಬ ಕಾಲಂ ಇದೆ. ಅಲ್ಲಿ ಹೆಸರಿದೆ, ತಾರೀಖಿದೆ, ಹಸಿರು ಇಂಕಿನ ಟಿಕ್ ಇದೆ. "ಮುಗಿಸಿದವರು" ಎಂಬ ಕಾಲಮ್ಮೇ ಇಲ್ಲ. ಇದೇ ಅಂಕಣದಲ್ಲಿ ಒಮ್ಮೆ "34 ಮಕ್ಕಳನ್ನು ಕಾಲೇಜಿಗೆ ಕಳಿಸಿದೆ" ಎಂದು ಬರೆದುಕೊಂಡೆ. ನೀವೂ ಕಾಗದ ಬರೆದು ಶಭಾಷ್ ಅಂದಿರಿ. ಒಬ್ಬರಾದರೂ "ಎಷ್ಟು ಜನ ಮುಗಿಸಿದರು?" ಎಂದು ಕೇಳಿದ್ದರೆ! (ನಿಮ್ಮ ಮೇಲೆ ಹಾಕುತ್ತಿಲ್ಲ. ಕೇಳಬೇಕಾದವಳು ನಾನೇ.)

ಕುಲಪತಿಗಳಿಗೆ ಒಂದು ಮನವಿ ಬರೆಯುತ್ತೇನೆ, ತಪ್ಪು ನನ್ನದೆಂದೇ ಬರೆಯುತ್ತೇನೆ ಎಂದು ನಿನ್ನೆ ಸುಕನ್ಯಳಿಗೆ ಹೇಳಿದೆ.

"ಬೇಡ ಅಕ್ಕ, ನಾನೇ ಬರೀತೀನಿ. ಯಾರಿಗೆ ಬರೆದ್ರೆ ಕೆಲಸ ಆಗುತ್ತೆ ಅಂತ ಕೇಳಿ ಹೇಳಿ, ಸಾಕು."

ಅದಕ್ಕೇ ಕೇಳುತ್ತಿದ್ದೇನೆ. ಕೊನೆಯ ದಿನ ಮೀರಿದ ಮೇಲೂ ಪರೀಕ್ಷೆಗೆ ಅವಕಾಶ ಸಿಕ್ಕವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಯಾವ ಆಫೀಸು, ಯಾರ ಟೇಬಲ್ಲು? ಪರೀಕ್ಷೆಗೆ ಇನ್ನು ಹನ್ನೊಂದು ದಿನ ಇದೆ, ದಯವಿಟ್ಟು ಬರೆದು ತಿಳಿಸುತ್ತೀರಾ?